ಎರಡು ಶಾಲೆಗೆ ಎರಡು ಗೊನೆ

ಕಲಬುರಗಿಯ ಗಾಜಿಪುರ ಓಣಿಯ ನಮ್ಮ ಮನೆಯ ಪಡಸಾಲೆಯ ತೊಲೆಯಲ್ಲಿ ಒಂದು ಕಬ್ಬಿಣದ ಕೊಂಡಿ ಇದೆ. ಹೊಸದಾಗಿ ಬಂದವರು ಅದನ್ನು ತೊಟ್ಟಿಲು ಕಟ್ಟುವ ಕೊಂಡಿಯೆಂದು ತಿಳಿಯುತ್ತಾರೆ. ತೊಟ್ಟಿಲಿನ ಕೊಂಡಿಗಳು ಒಳಕೋಣೆಯಲ್ಲಿವೆ, ಜೋಡಿಯಾಗಿ. ಇದು ಒಂಟಿ. ಬಾಳೆಗೊನೆ ತೂಗಹಾಕಲು ನನ್ನ ಸೋದರಮಾವ ಬಡಿಸಿದ್ದು. ಮಾವ ತೀರಿಕೊಂಡ ಮೇಲೆ ಮನೆ ನನ್ನ ಹೆಂಡತಿ ಮಹಾದೇವಿಗೆ ಬಂತು. ಅವಳು ಅವನ ಒಬ್ಬಳೇ ಮಗಳು. ಮನೆಯ ಜೊತೆಗೆ ಕೊಂಡಿಯೂ ಬಂತು, ಕೊಂಡಿಯ ಕೆಳಗೆ ಕೂತು ಕಾಲ ಕಳೆಯುವ ಅಭ್ಯಾಸ ನನಗೆ ಬಂತು.

ಮಿರ್ಗದ ಮಳೆ ಹನಿದು, ಸರಕಾರಿ ಪಂಚಾಂಗದಲ್ಲಿ ಅಮರ್ದಾದ್ ತಿಂಗಳು ಹುಟ್ಟಿತೆಂದರೆ ಓಣಿಯ ಜನ ಈ ಕೊಂಡಿಯ ಕೆಳಗೆ ಬಂದು ಕೂಡುತ್ತಾರೆ. ಹೈಸ್ಕೂಲಿನ ಹಂಗಾಮು ಅದು. ಮೊನ್ನೆ ಬಂದವರು ಎದುರುಮನೆಯ ಗುರುಲಿಂಗಪ್ಪ. ಅವರ ಮಗ ಈ ವರ್ಷ ಏಳನೇ ಇಯತ್ತೆ ಪಾಸಾಗಿದ್ದಾನೆ.

"ನೀವು ಎರಡೂ ಸಾಲಿ ಕಂಡವರು ನೋಡ್ರಿ. ಒಂದ ಮಾತಿನ್ಯಾಗ ಹೇಳ್ರಿ, ಯಾವುದು ಚೊಲೊ?"

ಒಂದೇ ಮಾತಿನಲ್ಲಿ ಹೇಳುವ ಶಕ್ತಿ ನನಗೆ ದೇವರು ಕೊಟ್ಟಿಲ್ಲ. ಅದಾಲತ್ತಿನಲ್ಲಿ ಕಾರಕೂನನಾಗಿ ಇಷ್ಟು ವರ್ಷ ಕಾಗದ ನಕಲು ಮಾಡಿದವನಿಗೆ ಒಂದು ಮಾತು ಬರೆಯಬೇಕಾದರೂ ಮೊದಲು ಮೂರು ಸಾಲು ಪೀಠಿಕೆ ಬೇಕು. ಅದಕ್ಕೇ ಅವರಿಗೆ ಚಿಕ್ಕಪುಟ್ಟ ಸಂಗತಿಗಳನ್ನು ಹೇಳತೊಡಗಿದೆ. ಸರಕಾರಿ ಶಾಲೆಯ ಮೆಟ್ಟಿಲು ಹನ್ನೊಂದು, ಖಾಸಗಿ ಶಾಲೆಗೆ ಮೆಟ್ಟಿಲೇ ಇಲ್ಲ, ಬೀದಿಯಿಂದ ನೇರ ತರಗತಿಗೆ ಕಾಲಿಡಬೇಕು. ಸರಕಾರಿಯದರ ಗಂಟೆ ಹಿತ್ತಾಳೆಯದು, ಬಡಿದರೆ ಓಣಿ ದಾಟಿ ಕೇಳುತ್ತಿತ್ತು. ಖಾಸಗಿಯದರಲ್ಲಿ ಒಂದು ಹಳಿಯ ತುಂಡು, ಅದರ ಸದ್ದು ಪಕ್ಕದ ಕಂಬಾರನ ಸದ್ದಿನೊಳಗೆ ಬೆರೆತು ಆಟದ ಬಿಡುವು ಯಾವಾಗ ಮುಗಿಯಿತೆಂದು ಯಾರಿಗೂ ತಿಳಿಯುತ್ತಿರಲಿಲ್ಲ. ಸರಕಾರಿಯದರಲ್ಲಿ ಬೇವಿನ ಛಡಿ, ಖಾಸಗಿಯದರಲ್ಲಿ ಮರದ ರೂಳು. ಛಡಿಯ ಉರಿ ಬೇಗ ಆರುತ್ತದೆ, ರೂಳಿನ ನೋವು ಎಲುಬಿಗೆ ಇಳಿಯುತ್ತದೆ. ಅಲ್ಲಿ ಶುಕ್ರವಾರ ಸೂಟಿ, ಇಲ್ಲಿ ರವಿವಾರ.

"ಇದೆಲ್ಲ ಇರಲಿ ಬಿಡ್ರಿ. ಕಲಿಸೋದು ಹ್ಯಾಂಗ?" ಎಂದು ಗುರುಲಿಂಗಪ್ಪ ಕೇಳಿದರು.

ನಾನು ಉತ್ತರಕ್ಕಾಗಿ ಮೇಲೆ ನೋಡಿದೆ. ಕೊಂಡಿ ಕಂಡಿತು. ಒಳಗಿನಿಂದ ಮಹಾದೇವಿ ಅಂದಳು: "ಅವರನ್ನೇನು ಕೇಳ್ತೀರಿ ಅಣ್ಣಾ, ಅವರು ಸಾಲಿ ಆರಿಸಿದವರಲ್ಲ. ಅವರ ಆಯಿ ಆರಿಸಿದಾಕಿ."

ಅವಳು ಹೇಳಿದ್ದು ಖರೆ.

ನಮ್ಮೂರು ಕಮಲಾಪುರ. ಕೆಂಪು ಬಾಳೆಯ ಊರು. ನಮ್ಮದೂ ಬಾಳೆಯ ತೋಟವೇ. ಊರಿನ ಶಾಲೆ ಏಳನೇ ಇಯತ್ತೆಗೆ ಮುಗಿಯುತ್ತಿತ್ತು. ಅಲ್ಲಿ ಪಾಠವೆಲ್ಲ ಉರ್ದುವಿನಲ್ಲಿ. ಮುಲ್ತಾನಿ ಮಣ್ಣು ಬಳಿದ ಹಲಗೆಯ ಮೇಲೆ ಬೋರು ಕಡ್ಡಿಯ ಲೇಖಣಿಯಿಂದ ಬಲಗಡೆಯಿಂದ ಎಡಕ್ಕೆ ಬರೆಯುತ್ತಿದ್ದೆವು. ಸಂಜೆ ಮಠದ ಅಯ್ಯನವರ ಹತ್ತಿರ ಕನ್ನಡ, ಎಡದಿಂದ ಬಲಕ್ಕೆ. ನನ್ನ ಅಕ್ಷರ ಇಂದಿಗೂ ಎರಡೂ ಕಡೆಗೆ ಸಮನಾಗಿ ಸೊಟ್ಟಗಿದೆ.

ಏಳನೆಯದರಲ್ಲಿ ನನ್ನ ಬೆಂಚಿನ ಗೆಳೆಯ ಖಾಸೀಮ, ಟಪಾಲಿನವರ ಮಗ. ಇಬ್ಬರೂ ಪಾಸಾದೆವು. ಖಾಸೀಮನಿಗೆ ಕಲಬುರಗಿಯ ರೋಜಾ ಓಣಿಯಲ್ಲಿ ಚಿಕ್ಕಮ್ಮನ ಮನೆ, ನನಗೆ ಗಾಜಿಪುರದಲ್ಲಿ ಸೋದರಮಾವನ ಮನೆ. ಕಲಬುರಗಿಯ ಸರಕಾರಿ ಹೈಸ್ಕೂಲಿನಲ್ಲೂ ಒಂದೇ ಬೆಂಚಿನಲ್ಲಿ ಕೂಡುವುದೆಂದು ಮಾತಾಗಿತ್ತು. ನನಗೆ ಆ ಶಾಲೆಯೇ ಬೇಕಾಗಿದ್ದುದಕ್ಕೆ ಇನ್ನೊಂದು ಕಾರಣವೂ ಇತ್ತು. ಅಲ್ಲಿ ಕೊನೆಯ ಇಯತ್ತೆಯತನಕ ಇತ್ತು. ಕೊನೆಯ ಪರೀಕ್ಷೆ ಪಾಸಾಗದವನು ಕಚೇರಿಯ ಕಟ್ಟೆ ಹತ್ತುವಂತಿರಲಿಲ್ಲ. ಜಗತ್ ಓಣಿಯ ಕಡೆ ಊರವರೇ ಸೇರಿ ನಡೆಸುತ್ತಿದ್ದ ಖಾಸಗಿ ಶಾಲೆಯಲ್ಲಿ ಎಂಟು, ಒಂಬತ್ತು ಎರಡೇ ಇಯತ್ತೆ. ಮುಂದಿನದಕ್ಕೆ ಅವರು ಪರವಾನಗಿ ಕೇಳಿದ್ದರು. ಅದು ಬರುವುದಿತ್ತು. ಬಹಳ ವರ್ಷ ಬರುವುದೇ ಇತ್ತು.

ಅಪ್ಪ ಹೆಚ್ಚು ಮಾತಿನವನಲ್ಲ. "ಆಯಿ ನೋಡಿ ಬರ್ತಾಳ. ಆಕಿ ಹೂಂ ಅಂದಲ್ಲಿ ಹಾಕೋಣು" ಎಂದ.

ಆಯಿ ಎಂದರೆ ಅಪ್ಪನ ತಾಯಿ. ನಮ್ಮ ಬಳಗದ ಹನ್ನೊಂದು ಮದುವೆ ಅವಳೇ ಮುಂದೆ ನಿಂತು ಕುದುರಿಸಿದ್ದು, ಒಂದೂ ಕೆಟ್ಟಿರಲಿಲ್ಲ. ಹೆಣ್ಣು ಕೊಡುವ ಮುಂಚೆ ಮನೆ ನೋಡಲು ಹೋಗುವುದಿದೆಯಲ್ಲ, ಅದರಲ್ಲಿ ಅವಳದು ಕಟ್ಟುನಿಟ್ಟಾದ ಪದ್ಧತಿ. ಹೇಳದೆ ಹೋಗಬೇಕು. ಮುಂದಿನ ಪಡಸಾಲೆ ನೋಡಬಾರದು, ಹಿತ್ತಲು ನೋಡಬೇಕು. ಬಾಗಿಲಲ್ಲಿ ಚಪ್ಪಲಿ ಹೇಗೆ ಬಿಟ್ಟಿದ್ದಾರೆ ಎಂದು ನೋಡಬೇಕು. ಆಮೇಲೆ ಕುಡಿಯಲು ನೀರು ಕೇಳಿ ತನ್ನದೇ ತಂಬಿಗೆಯಲ್ಲಿ ಹಾಕಿಸಿಕೊಳ್ಳಬೇಕು. ಮನೆ ಮನಸ್ಸಿಗೆ ಬಂದರೆ ಅಲ್ಲೇ ಕುಡಿಯುವುದು. ಬರದಿದ್ದರೆ ಹೊರಗೆ ಬಂದು ಯಾವುದಾದರೂ ಗಿಡಕ್ಕೆ ಹಾಕುವುದು. ಅರೆಮನಸ್ಸಾದರೆ ತಂಬಿಗೆಯಲ್ಲೇ ಮನೆಗೆ ತರುವುದು. ಹೊರಡುವಾಗ ಹಣ್ಣು ಕೊಟ್ಟು ಬರುವುದು. ಹಣ್ಣು ಉಳಿದರೆ ಮಾತು ಉಳಿಯಿತು. ಅವರು ಹಣ್ಣನ್ನು ಹಿಂದಕ್ಕೆ ಕಳಿಸಿದರೆ ಸಂಬಂಧ ಬೇಡವೆಂದರ್ಥ. ಆಗ ಕಾರಣ ಕೇಳಬಾರದು. "ಕಾರಣ ಕೇಳಿದರ ಎರಡೂ ಮನಿ ಹುಳುಕು ಬಜಾರಕ್ಕ ಬೀಳ್ತದ" ಎನ್ನುತ್ತಿದ್ದಳು.

ಶಾಲೆ ನೋಡಲಿಕ್ಕೆ ಅವಳಿಗೆ ಬೇರೆ ಪದ್ಧತಿ ಗೊತ್ತಿರಲಿಲ್ಲ. ಗೊತ್ತು ಮಾಡಿಕೊಳ್ಳಬೇಕೆಂದು ನಮಗೂ ಹೊಳೆಯಲಿಲ್ಲ. ಎರಡು ಸಣ್ಣ ಗೊನೆಗಳನ್ನು ಹುಲ್ಲಿನಲ್ಲಿ ಸುತ್ತಿ ಗಾಡಿಗೆ ಹಾಕಿ ಬುಧವಾರ ನಸುಕಿಗೆ ಹೊರಟೆವು. ಅವಳು, ನಾನು, ಗಾಡಿ ಹೊಡೆಯಲು ಅಪ್ಪ. ಬಿಸಿಲು ಇಳಿಯುವ ಹೊತ್ತಿಗೆ ಗಾಜಿಪುರ ಮುಟ್ಟಿದೆವು.

ಮರುದಿನ ಮೊದಲು ಹೋದದ್ದು ಖಾಸಗಿ ಶಾಲೆಗೆ. ಅದು ಹಳೆಯದೊಂದು ವಾಡೆ. ಹೆಡ್‌ಮಾಸ್ತರರ ಹೆಸರು ಅಂಬಾದಾಸರಾವ್. ಮನೆಯಲ್ಲಿ ಮರಾಠಿ, ಬೀದಿಯಲ್ಲಿ ಕನ್ನಡ ಆಡುವವರು. ಹಣೆಯಲ್ಲಿ ಅಂಗಾರ, ಅಕ್ಷತೆ. ಆಯಿ ಹಿತ್ತಲಿಗೆ ಹೋಗಿ ಬಂದು ಹೇಳಿದಳು: "ಮೂರು ಕಾಲಿನ ಬೆಂಚು ನಾಕು ಅವ, ಹಂಚು ಒಡದಾವ. ಆದರ ಬಾವಿಕಟ್ಟಿ ಸಾರಿಸ್ಯಾರ." ಮಾಸ್ತರರು ನಮ್ಮ ಮನೆತನ ಕೇಳಿದರು, ಅಜ್ಜನ ಹೆಸರು ಕೇಳಿದರು, ಅಜ್ಜನ ಗಾಡಿಯಲ್ಲಿ ಒಮ್ಮೆ ತಮ್ಮ ತಂದೆ ಕೂತು ಬಂದಿದ್ದರೆಂದು ಕಂಡುಹಿಡಿದರು. ಗೊನೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡರು.

ಕೆಂಪು ಬಾಳೆಯ ಸ್ವಭಾವ ಪೇಟೆಯವರಿಗೆ ತಿಳಿಯದು. ಅದು ಕಾಯಿದ್ದಾಗಲೇ ಕೆಂಪು. ಬಣ್ಣ ನೋಡಿ ಹಣ್ಣೆಂದು ತಿಳಿದರೆ ನಾಲಿಗೆ ಕೆಟ್ಟಿತು. ಮಾಸ್ತರರು ನಮ್ಮ ಕಣ್ಣೆದುರಿಗೇ ಒಂದು ಕಾಯಿ ಮುರಿದು, ಸಿಪ್ಪೆ ಬಿಡದ್ದನ್ನು ಉಗುರಿನಿಂದ ಬಿಡಿಸಿ ಬಾಯಿಗೆ ಹಾಕಿಕೊಂಡರು. ಮುಖ ಒಂದು ಕಡೆಗೆ ಎಳೆಯಿತು. ಕಣ್ಣಲ್ಲಿ ನೀರು ಬಂತು. ನುಂಗಿದರು.

"ಭಾರೀ ರುಚಿ ಅದ ನೋಡ್ರಿ" ಎಂದರು.

ಆಯಿ ತಂಬಿಗೆಯ ನೀರು ಅಲ್ಲೇ ಕುಡಿದಳು. ಹೊರಗೆ ಬಂದ ಮೇಲೆ ನನಗೆ ಅಂದಳು: "ಒಗರು ನುಂಗಿ ಚೊಲೊ ಅಂದ. ಮರ್ಯಾದಿ ಬಲ್ಲ ಮನಷ್ಯಾ." ಆಯಿ ನೀರು ಕುಡಿದಾಯಿತು!

"ಇನ್ನೊಂದು ನೋಡೂದದ ಆಯೀ" ಎಂದೆ.

"ನೋಡಲಾರದ ಬಿಡ್ತೀನೇನು? ಒಂದ ಮನಿ ನೋಡಿ ಯಾರಾರ ಮಾತು ಕೊಡ್ತಾರ?"

ಸರಕಾರಿ ಶಾಲೆಯ ಹನ್ನೊಂದು ಮೆಟ್ಟಿಲನ್ನು ಆಯಿ ನಡುವೆ ಎರಡು ಸಲ ನಿಂತು ಹತ್ತಿದಳು. ಕಲ್ಲಿನ ಕಟ್ಟಡ, ಕಮಾನು, ಉದ್ದಕ್ಕೆ ವರಾಂಡ. ಅಲ್ಲಿ ಹುಡುಗರ ಚಪ್ಪಲಿಗಳು ದಾರ ಹಿಡಿದು ಇಟ್ಟಂತೆ ಸಾಲಾಗಿದ್ದವು. ಆಯಿ ಅವನ್ನು ಆ ತುದಿಯಿಂದ ಈ ತುದಿಯತನಕ ನೋಡಿ "ಹ್ಞೂಂ" ಎಂದಳು. ಅದು ಒಳ್ಳೆಯ ಹ್ಞೂಂ. ಹಿತ್ತಲಲ್ಲಿ ಬೇವಿನ ಗಿಡದ ಕೆಳಗೆ ಬಾವಿ, ಮಣ್ಣಿನ ಗಡಿಗೆಗಳು. ಅವಕ್ಕೆ ಮುಚ್ಚಳ ಮುಚ್ಚಿ ನೀರು ಕೊಡುವ ಆಳು ಮಲ್ಲಪ್ಪ ಎಂಬವನು ಕಾಯುತ್ತಿದ್ದ. ಆಯಿ ಅವನ ಜಾತಿ, ಊರು, ಮಕ್ಕಳೆಷ್ಟು ಎಲ್ಲ ವಿಚಾರಿಸಿ ತಂಬಿಗೆಯಲ್ಲಿ ನೀರು ಹಾಕಿಸಿಕೊಂಡಳು.

ಹೆಡ್‌ಮಾಸ್ತರರನ್ನು ಎಲ್ಲರೂ ಬಡೇ ಸಾಹೇಬರು ಎನ್ನುತ್ತಿದ್ದರು. ತೆಳ್ಳಗಿನ ಮೈ, ಬಿಳಿ ಗಡ್ಡ, ಕುತ್ತಿಗೆಯತನಕ ಗುಂಡಿ ಹಾಕಿದ ಶೇರ್ವಾನಿ. ನಮ್ಮನ್ನು ಕಂಡು ಎದ್ದು ನಿಂತು ಕುರ್ಚಿ ತೋರಿಸಿದರು.

"ತಶ್ರೀಫ್ ರಖಿಯೆ, ಅಮ್ಮಾ."

"ನೈ ಸಾಬ್, ಖಡೇಚ್ ಅಚ್ಛಾ ಹೈ" ಎಂದಳು ಆಯಿ. ನಿಂತೇ ಇರುತ್ತೇನೆ ಎಂದು. ಸಂತೆಯಲ್ಲಿ ಬಾಳೆ ಮಾರಿ ಕಲಿತ ಉರ್ದು ಅದು. ನನ್ನನ್ನು ಮುಂದೆ ತಳ್ಳಿ, "ಪೋತಾ ಹೈ ಹಮಾರಾ. ಹುಷಾರ್ ಹೈ. ಖಾನೆ ಕೂ ಜರಾ ಹಠ ಕರ್ತಾ" ಎಂದಳು. ಮೊಮ್ಮಗ ಜಾಣ, ಉಣ್ಣಲಿಕ್ಕೆ ಮಾತ್ರ ಹಠ ಎಂದು. ಮದುಮಗನ ದೋಷವನ್ನು ಮೊದಲೇ ಹೇಳಿಬಿಡಬೇಕೆಂಬುದು ಅವಳ ಇನ್ನೊಂದು ನಿಯಮ.

ಸಾಹೇಬರು ನಗಲಿಲ್ಲ, ಗಡ್ಡ ಮಾತ್ರ ಅಲುಗಿತು. "ಪಢ್ನೆ ಕೂ ಹಠ ನೈ ಕರ್ತಾ ನಾ?" ಎಂದು ಕೇಳಿದರು. ಓದಲಿಕ್ಕಂತೂ ಹಠವಿಲ್ಲವಲ್ಲ ಎಂದು. ನನ್ನಿಂದ ಅರ್ಧ ಪುಟ ಓದಿಸಿದರು, ಒಂದು ಲೆಕ್ಕ ಬಿಡಿಸಲು ಹಚ್ಚಿದರು. ಹೆಸರು, ಊರು, ಇಳಿದುಕೊಂಡ ಮನೆ ಕೇಳಿ ಮುಂದಿದ್ದ ದೊಡ್ಡ ದಫ್ತರದಲ್ಲಿ ಏನೋ ಬರೆದುಕೊಂಡು, ಶನಿವಾರ ಬಂದು ಪರೀಕ್ಷೆಗೆ ಕೂಡಬೇಕೆಂದರು. ನಾನು ಮನಸ್ಸಿನಲ್ಲಿ ಆಗಲೇ ಖಾಸೀಮನ ಪಕ್ಕದಲ್ಲಿ ಕೂತುಬಿಟ್ಟಿದ್ದೆ. ಆಯಿ ಗೊನೆಯನ್ನು ವರಾಂಡದಲ್ಲಿ ಕಂಬಕ್ಕೆ ಆನಿಸಿಟ್ಟಳು. ನೀರನ್ನು ಕುಡಿಯಲಿಲ್ಲ, ಚೆಲ್ಲಲೂ ಇಲ್ಲ. ತಂಬಿಗೆಯ ಬಾಯಿಗೆ ಸೆರಗು ಮುಚ್ಚಿಕೊಂಡು ಗಾಜಿಪುರದವರೆಗೆ ತುಳುಕಿಸದೆ ನಡೆದು ಬಂದಳು.

"ಚಪ್ಪಲಿ ಸಾಲು ಭಾಳ ಚಂದ ಅದ. ನಾಳಿ ಗಾಡಿ ಬಿಡೂದು ಬ್ಯಾಡ, ಶನಿವಾರತನಕ ನಿಲ್ಲೋಣು" ಎಂದು ಅಪ್ಪನಿಗೆ ಹೇಳಿ ತಂಬಿಗೆಯನ್ನು ದೇವರ ಮಾಡದ ಪಕ್ಕದಲ್ಲಿಟ್ಟಳು. ಶುಕ್ರವಾರ ಸೂಟಿ ಇರುವುದೂ ಅವಳಿಗೆ ಹಿಡಿಸಿತ್ತು. ನಮ್ಮ ಗಾಡಿ ಗುರುವಾರ ಬಾಳೆ ತಂದು ಶುಕ್ರವಾರ ಊರಿಗೆ ಹೊಳ್ಳಿ ಹೋಗುವುದಾದ್ದರಿಂದ ಮೊಮ್ಮಗನ ಮುಖ ವಾರಕ್ಕೊಮ್ಮೆ ನೋಡಬಹುದಿತ್ತು.

ಸಂಜೆ ದೀಪ ಹಚ್ಚುವ ಮುಂಚೆ ಸರಕಾರಿ ಶಾಲೆಯ ಜವಾನ ಲಾಲ್ ಮಹ್ಮದ್ ನಮ್ಮ ಬಾಗಿಲಿಗೆ ಬಂದ. ಹೆಗಲ ಮೇಲೆ ನಮ್ಮ ಗೊನೆ. ಹುಲ್ಲು ಸಹಿತ ಹಾಗೇ ಇತ್ತು.

"ಬಡೇ ಸಾಬ್ ಸಲಾಮ್ ಬೋಲೆ. ಯೆ ವಾಪಸ್ ಭೇಜೆ" ಎಂದು ಪಡಸಾಲೆಯಲ್ಲಿಟ್ಟು ಹೋದ.

ಆಯಿ ಗೊನೆಯನ್ನು ನೋಡಿದಳು. ಎದ್ದು ಹೋಗಿ ದೇವರ ಮಾಡದ ಪಕ್ಕದ ತಂಬಿಗೆ ತೆಗೆದುಕೊಂಡು ಅಂಗಳದ ಮಲ್ಲಿಗೆಯ ಬುಡಕ್ಕೆ ಸುರಿದಳು.

"ಹಣ್ಣು ಹೊಳ್ಳಿ ಬಂತು. ನಾಳಿ ಗಾಡಿ ಹೂಡು" ಎಂದಳು.

ನಾನು ಅಳುದನಿಯಲ್ಲಿ, "ಶನಿವಾರ ಬಾ ಅಂದಾರಲ್ಲ ಆಯೀ!" ಎಂದೆ.

"ಅದು ಹಣ್ಣು ಬರೂಕಿಂತ ಮುಂಚಿನ ಮಾತು."

"ಯಾಕ ಕಳಸ್ಯಾರ ಅಂತ ಕೇಳೋಣಲ್ಲ?"

"ಕೇಳಬಾರದು. ನಿನ್ನ ಓದು ಅವಗ ಸಾಕಾಗಿಲ್ಲ, ಬಾಯಿಲೆ ಹೇಳಲಾರದ ಹಣ್ಣಿಲೆ ಹೇಳ್ಯಾನ. ದೊಡ್ಡ ಮನಷ್ಯಾ. ನಾವೂ ದೊಡ್ಡವರಾಗೇ ಇರೋಣು."

ಅಪ್ಪ ಏನಾದರೂ ಹೇಳುತ್ತಾನೆಂದು ಕಾದೆ. ಅಪ್ಪ ಎತ್ತುಗಳಿಗೆ ಮೇವು ಹಾಕಲು ಹೋದ. ಮಾವ ಗೊನೆಯನ್ನೆತ್ತಿ, ಮರುದಿನ ಈ ಕೊಂಡಿ ಬಡಿಸಿ, ಅದಕ್ಕೆ ತೂಗಹಾಕಿದನಂತೆ. ಹನ್ನೆರಡು ದಿನಕ್ಕೆ ಹಣ್ಣಾಯಿತಂತೆ. ಆಗ ಎಂಟು ವರ್ಷದವಳಾಗಿದ್ದ ಮಹಾದೇವಿ ಅದರಲ್ಲಿ ಅರ್ಧಕ್ಕಿಂತ ಹೆಚ್ಚು ತಾನೇ ತಿಂದಳಂತೆ. "ಅಷ್ಟು ಸೀ ಹಣ್ಣು ಆಮ್ಯಾಲ ತಿಂದೇ ಇಲ್ಲ" ಎಂದು ಈಗಲೂ ಹೇಳುತ್ತಾಳೆ. ನನ್ನ ದುಃಖದಿಂದ ಲಾಭವಾದದ್ದು ಅವಳೊಬ್ಬಳಿಗೇ.

ಖಾಸಗಿ ಶಾಲೆಗೆ ಸೇರಿದೆ. ಸುಳ್ಳು ಹೇಳಬಾರದು, ಅಲ್ಲಿ ನನಗೆ ಸುಖವಿತ್ತು. ಮಳೆ ಬಂದರೆ ಪಾಠ ಹಂಚು ಸೋರದ ಮೂಲೆಗೆ ಸರಿಯುತ್ತಿತ್ತು, ನಾವೂ ಕುಂಡೆ ಸರಿಸುತ್ತ ಅದರ ಹಿಂದೆ. ಅಂಬಾದಾಸ ಮಾಸ್ತರರು ನನ್ನಿಂದ ಕನ್ನಡದಲ್ಲಿ ದಿನಕ್ಕೊಂದು ಪುಟ ಬರೆಸುತ್ತಿದ್ದರು. ಏನು ಬರೆಯಲಿ ಎಂದರೆ, "ಮುಂಜಾನಿಂದ ಏನು ಕಂಡಿ ಅದನ್ನ ಬರಿ, ಕಂಡದ್ದು ಬಿಟ್ಟು ಒಂದ ಸಾಲೂ ಬರೀಬ್ಯಾಡ" ಎನ್ನುತ್ತಿದ್ದರು. ಈ ಬರಹದ ರೋಗ ಅವರಿಂದ ಬಂದದ್ದು. ಆದರೆ ಒಂಬತ್ತನೇ ಇಯತ್ತೆ ಮುಗಿದ ಮೇಲೆ ಮುಂದೇನು ಎಂಬುದಕ್ಕೆ ಅವರ ಹತ್ತಿರ ಉತ್ತರವಿರಲಿಲ್ಲ. ಪರವಾನಗಿ ಬರುವುದಿತ್ತು.

ಸೇರಿದ ತಿಂಗಳಿಗೆ ರೋಜಾದ ಬಳಿ ಖಾಸೀಮ ಸಿಕ್ಕ.

"ಕ್ಯೂಂ ನೈ ಆಯಾ ರೇ? ಶನಿವಾರ ಪೂರಾ ದಿನ ನಿನ್ನ ದಾರಿ ನೋಡೀನಿ."

"ಗೊನಿ ಹೊಳ್ಳಿ ಬಂತು" ಎಂದೆ.

"ಗೊನಿಗೂ ಸಾಲಿಗೂ ಏನು ಸಂಬಂಧೋ?"

ಹೇಳಿದೆ. ಅವನು ರಸ್ತೆಯಲ್ಲೇ ಹೊಟ್ಟೆ ಹಿಡಿದುಕೊಂಡು ಕುಕ್ಕರಿಸಿದ. "ಅರೆ ದಿವಾನೇ! ನಮ್ಮ ಅಬ್ಬಾ ಕೊಟ್ಟ ತುಪ್ಪದ ಡಬ್ಬಿನೂ ವಾಪಸ್ ಬಂತು. ಸಾಬ್ ಯಾರ ಕಡಿಂದೂ ಏನೂ ತಗೋಳಂಗಿಲ್ಲ. ಒಬ್ಬಾಕಿ ನಿಂಬಿಕಾಯಿ ಇಟ್ಟು ಹೋದರ ನಿಂಬಿಕಾಯಿನೂ ಕಳಸ್ಯಾರ. ಸಾರೇ ಶಹರಕ್ಕ ಗೊತ್ತದ!"

ಇಡೀ ಶಹರಕ್ಕೆ ಗೊತ್ತಿದ್ದದ್ದು ಕಮಲಾಪುರಕ್ಕೆ ಗೊತ್ತಿರಲಿಲ್ಲ. ಆಯಿಗೆ ಹೇಳಬೇಕೆಂದು ಆ ವಾರದ ಶನಿವಾರ ರಾತ್ರಿ ನಮ್ಮೂರ ಕಡೆ ಹೊರಟಿದ್ದ ಒಂದು ಗಾಡಿಯಲ್ಲಿ ಊರಿಗೆ ಹೋದೆ. ಅವಳು ಕಟ್ಟೆಯ ಮೇಲೆ ನೆರೆಯ ಹೆಂಗಸರಿಗೆ ಹೇಳುತ್ತಿದ್ದಳು: "ಹನ್ನೆರಡನೇ ಸಂಬಂಧ ಇದು, ನನ್ನ ಮೊಮ್ಮಗನ ಸಾಲಿ. ಇದೂ ಚೊಲೊ ಆಯ್ತು." ನಾನು ಬಾಯಿ ಮುಚ್ಚಿಕೊಂಡೆ. ಆ ವರ್ಷದ ಪ್ರವೇಶವಂತೂ ಮುಗಿದಿತ್ತು.

ಎರಡು ವರ್ಷ ಮುಚ್ಚಿಕೊಂಡೇ ಇದ್ದೆ. ಒಂಬತ್ತು ಮುಗಿದಾಗ ಅಪ್ಪ ನನಗೆ ತೋಟದ ಕುಡುಗೋಲು ಕೊಟ್ಟ. ಮುಂದೆ ಓದುವುದಾದರೆ ಇದ್ದದ್ದು ಸರಕಾರಿ ಶಾಲೆಯೊಂದೇ. ಹಣ್ಣು ತಿರುಗಿಸಿದ ಮನೆಯ ಬಾಗಿಲಿಗೆ ಆಯಿ ಮತ್ತೆ ಕಳಿಸುವವಳಲ್ಲ. ನಾಲ್ಕು ದಿನ ಬಾಳೆಯ ಒಣಗಿದೆಲೆ ಕೊಯ್ದೆ. ಐದನೆಯ ದಿನ ಅವಳ ಮುಂದೆ ಕೂತು ಖಾಸೀಮ ಹೇಳಿದ್ದನ್ನೆಲ್ಲ ಹೇಳಿಬಿಟ್ಟೆ. ತುಪ್ಪ, ನಿಂಬೆಕಾಯಿ, ಎಲ್ಲ.

ಆಯಿ ಎಲೆಗೆ ಸುಣ್ಣ ಹಚ್ಚುತ್ತಿದ್ದಳು. ಹಚ್ಚುವುದು ನಿಂತಿತು.

"ನಿನಗ ತಿಳದು ಎಷ್ಟು ದಿನಾತು?"

"ಎರಡು ವರ್ಷ."

"ಎರಡು ವರ್ಷ ಬಾಯಾಗ ಏನು ಬಾಳಿಹಣ್ಣು ಇಟಗೊಂಡಿದ್ದಿ?"

ಅವಳು ಎಲೆ ಮಡಚಿ ಬಾಯಿಗಿಟ್ಟು, ಪೂರ್ತಿ ನುರಿಸಿದಳು. ಆಮೇಲೆ ತೋಟದ ಕಡೆ ನೋಡುತ್ತ ಅಂದಳು: "ನಿಂಬಿಕಾಯಿನೂ ಹೊಳ್ಳಿ ಕಳಸ್ಯಾನಂತ. ಅಂಥಾ ಮನಿಗಿ ಕಣ್ಣು ಮುಚ್ಚಿ ಹೆಣ್ಣು ಕೊಡಬೌದು ನೋಡು. ನಾನಽ ತಪ್ಪಿದೆ."

ಅವಳ ಬಾಯಿಂದ ಆ ಕೊನೆಯ ಮಾತು ಮೊದಲ ಸಲ ಕೇಳಿದ್ದು ನಾನು. ಕೊನೆಯ ಸಲವೂ ಅದೇ.

ಬುಧವಾರ ಮತ್ತೆ ಗಾಡಿ ಹೂಡಿದೆವು. ಅಪ್ಪ ಅಭ್ಯಾಸದಂತೆ ಒಂದು ಗೊನೆ ತಂದ. ಆಯಿ ಅದನ್ನು ಕೆಳಗಿಳಿಸಿದಳು. ತಂಬಿಗೆ ಮಾತ್ರ ತೆಗೆದುಕೊಂಡಳು. ಬರಿಗೈಯಲ್ಲಿ ಅವಳು ಯಾರ ಮನೆಗೂ ಹೋದವಳಲ್ಲ; ಹನ್ನೊಂದು ಮೆಟ್ಟಿಲು ಹತ್ತುವಾಗ ಕೈಯನ್ನು ಸೆರಗಿನೊಳಗೆ ಇಟ್ಟಳು, ಬೆನ್ನ ಹಿಂದೆ ಇಟ್ಟಳು, ಕೊನೆಗೆ ನನ್ನ ಹೆಗಲ ಮೇಲೆ ಇಟ್ಟಳು.

ಬಡೇ ಸಾಹೇಬರು ನನ್ನ ಹೆಸರು ಕೇಳಿ ಕಪಾಟಿನಿಂದ ಹಳೆಯ ದಫ್ತರ ತೆಗೆಸಿ ಹಾಳೆ ತಿರುವಿದರು. ಆ ಗುರುವಾರ ಅವರು ಬರೆದುಕೊಂಡದ್ದು ಅಲ್ಲಿತ್ತು. ಪೆನ್ಸಿಲ್ಲಿನಲ್ಲಿ ನನ್ನ ಹೆಸರು, ಕಮಲಾಪುರ, ಅದರ ಮುಂದೆ ಒಂದು ಸಾಲು. ನಾನು ತಲೆಕೆಳಗಾಗಿಯೇ ಓದಿದೆ: ಹುಡುಗ ಚೆನ್ನಾಗಿ ಓದುತ್ತಾನೆ, ಜಾಗ ಇಡುವುದು. ಕೆಳಗಿನ ಹೆಸರುಗಳೆಲ್ಲ, ಶಾಲೆ ಸೇರಿದವರವು, ಪೆನ್ಸಿಲ್ಲಿನ ಮೇಲೆ ಮಸಿಯಲ್ಲಿ ಬರೆದು ಪಕ್ಕಾ ಆಗಿದ್ದವು. ನನ್ನದು ಪೆನ್ಸಿಲ್ಲಿನಲ್ಲೇ ಉಳಿದಿತ್ತು.

"ಒಂದು ವಾರ ಕಾದೆ" ಎಂದರು ಉರ್ದುವಿನಲ್ಲಿ. "ಯಾಕೆ ಬರಲಿಲ್ಲ?"

ನಾನು ಆಯಿಯನ್ನು ನೋಡಿದೆ. ಕಾರಣ ಕೇಳಬಾರದೆನ್ನುವ ಪದ್ಧತಿಯವಳು ಕಾರಣ ಹೇಳಬೇಕಾಗಿ ಬಂದಿತ್ತು. "ಮೇರೀ ಗಲತೀ, ಸಾಬ್" ಎಂದಳು. ನನ್ನ ತಪ್ಪು. ಅದಕ್ಕಿಂತ ಹೆಚ್ಚು ಹೇಳಲಿಲ್ಲ. ಸಾಹೇಬರು ಹೆಚ್ಚು ಕೇಳಲಿಲ್ಲ. ಹೊಸ ದಫ್ತರ ಎಳೆದುಕೊಂಡು, ಲೇಖಣಿ ಅದ್ದಿ, ಈ ಸಲ ಮಸಿಯಲ್ಲೇ ಬರೆದರು. ಆಮೇಲೆ ಕುರ್ಚಿ ತೋರಿಸಿದರು.

ಆಯಿ ಕೂತಳು. ಕೂತು, ತಂಬಿಗೆಯನ್ನು ನನ್ನ ಕೈಗೆ ಕೊಟ್ಟು, "ಮಲ್ಲಪ್ಪನ ಕಡಿಂದ ನೀರು ತಗೊಂಡು ಬಾ" ಎಂದಳು.

ತಂದೆ. ಸಾಹೇಬರ ಎದುರಿಗೇ ತಂಬಿಗೆಯೆತ್ತಿ, ಗುಟುಕು ಗುಟುಕಾಗಿ, ಒಂದು ಹನಿ ಉಳಿಯದಂತೆ ಕುಡಿದಳು.